ಶಾಲೆ ಕಾಣದ ಅವ್ವನಿಂದ ಗಡಿಯಾರ ಬರೆಸಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಂದಿದ್ದಾರೆ. ಇದನ್ನು ನಂಬಬಹುದಾ?

ಗಂಜ್ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣು. ಅವ್ವನ ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ಅವ್ವನಿಗೆ ಈಗ 71. ಜೇವರ್ಗಿ ಕಡೆಯ ಹಳ್ಳಿಯವಳು, ಶಾಲೆ ಕಂಡವಳಲ್ಲ. ಅಪ್ಪ ಹೋದ ಮೇಲೆ ಹೊಲ, ಆಳು, ಸಾಲ ಎಲ್ಲವನ್ನೂ ಅವಳೇ ನೋಡಿಕೊಂಡಳು. ತೊಗರಿ ರಾಶಿ ಆದ ಮೇಲೆ ಚೀಲ ಹೇರಿಸಿಕೊಂಡು ಕಲಬುರಗಿ ಗಂಜ್‌ಗೆ ಬರುತ್ತಿದ್ದಳು. ಅಡತಿ ಅಂಗಡಿಯಲ್ಲಿ ಕನ್ನಡ, ಹಮಾಲರ ಜೊತೆ ನಮ್ಮ ಕಡೆಯ ಉರ್ದು, ಸೇಡಂ ಆಚೆಯಿಂದ ಬಂದವರ ಜೊತೆ ತೆಲುಗು. ಚೀಟಿ ಓದಲು ಬರುತ್ತಿರಲಿಲ್ಲ. ಆದರೆ ತೂಕ, ಹಮಾಲಿ, ಕಮಿಷನ್ ಎಲ್ಲವನ್ನೂ ಬೆರಳ ಗೆಣ್ಣಿನ ಮೇಲೆ ಎಣಿಸಿ, ಕೈಗೆ ಬರಬೇಕಾದ ದುಡ್ಡು ಎಷ್ಟು ಅಂತ ಅಂಗಡಿಯವರಿಗಿಂತ ಮೊದಲೇ ಹೇಳಿಬಿಡುತ್ತಿದ್ದಳು.

ಈಗ ಹಾಗಿಲ್ಲ. ಉಂಡು ಕೈ ತೊಳೆದ ಸ್ವಲ್ಪ ಹೊತ್ತಿಗೆ ‘ಇವತ್ತು ನನಗೆ ಉಣ್ಣಲು ಕೊಟ್ಟೇ ಇಲ್ಲ’ ಅನ್ನುತ್ತಾಳೆ. ಬೇಳೆಗೆ ಎರಡೆರಡು ಸಲ ಉಪ್ಪು ಬೀಳುತ್ತದೆ. ರೊಟ್ಟಿ ಬಡಿಯುವ ಕೈ ಮಾತ್ರ ಮೊದಲಿನ ಹಾಗೇ ಇದೆ, ಚಂದ ಬಡಿಯುತ್ತಾಳೆ. ಆದರೆ ಹಂಚಿನ ಮೇಲೆ ಹಾಕಿ ಎದ್ದು ಹೋಗಿಬಿಡುತ್ತಾಳೆ. ಟಿವಿ ಜೋರಾಗಿ ಇಡುತ್ತಾಳೆ, ಕರೆದರೆ ಎಷ್ಟೋ ಸಲ ತಿರುಗಿಯೂ ನೋಡುವುದಿಲ್ಲ. ಮೊನ್ನೆ ಶರಣಬಸವೇಶ್ವರ ಗುಡಿಗೆ ಹೋದವಳು ಮನೆಯ ದಾರಿ ತಿಳಿಯದೆ ‘ಅಪ್ಪನ ಕೆರೆ’ ಅನ್ನುವ ಕೆರೆಯ ಹತ್ತಿರ ನಿಂತಿದ್ದಳಂತೆ. ಬಳೆ ಮಾರುವ ಹೆಣ್ಣುಮಗಳೊಬ್ಬಳು ಗುರುತು ಹಿಡಿದು ಕರೆತಂದಳು.

ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆವು. ಕಾಗದ, ಪೆನ್ನು ಕೊಟ್ಟು ‘ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ’ ಅಂದರು. ಅವ್ವ ಜೀವನದಲ್ಲಿ ಪೆನ್ನು ಹಿಡಿದವಳೇ ಅಲ್ಲ. ಆಮೇಲೆ ‘100ರಲ್ಲಿ 7 ಕಳೆಯಿರಿ, ಅದರಲ್ಲಿ ಮತ್ತೆ 7 ಕಳೆಯಿರಿ’ ಅಂತ ಗಡಿಬಿಡಿಯಲ್ಲಿ ಕೇಳಿದರು. ಅವ್ವ ಸೆರಗು ಸುತ್ತಿಕೊಳ್ಳುತ್ತಾ ತಲೆ ತಗ್ಗಿಸಿ ಕುಳಿತಳು. ಅಷ್ಟಕ್ಕೇ ‘ಡಿಮೆನ್ಷಿಯಾ, ಇದು ಹೋಗುವ ಕಾಯಿಲೆಯಲ್ಲ’ ಅಂತ ಚೀಟಿ ಬರೆದುಕೊಟ್ಟರು. ರಕ್ತ ಪರೀಕ್ಷೆ ಇಲ್ಲ. ಮನೆಯಲ್ಲಿ ಹೇಗಿದ್ದಾಳೆ ಅಂತ ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ವೈನಿ ‘ಅರವತ್ತಕ್ಕೆ ಅರಳು ಮರಳು, ಸುಮ್ನೆ ದವಾಖಾನೆ ಯಾಕೆ ತಿರುಗುತ್ತೀರಿ’ ಅನ್ನುತ್ತಾರೆ. ಅಣ್ಣನ ಮೊಬೈಲಿಗೆ ಅಮೆರಿಕದ ಹೊಸ ಇಂಜೆಕ್ಷನ್ ಬಗ್ಗೆ ಯಾರೋ ಮೆಸೇಜ್ ಕಳಿಸಿದ್ದಾರೆ. ಅದನ್ನು ನಂಬಿ, ಹೈದರಾಬಾದ್‌ಗೆ ಹೋಗೋಣ, ಬೇಕಾದರೆ ರಸ್ತೆ ಪಕ್ಕದ ಒಂದು ಎಕರೆ ಮಾರೋಣ ಅಂತ ಕುಳಿತಿದ್ದಾನೆ. ನನಗೆ ಇವೆರಡೂ ಸರಿ ಕಾಣುತ್ತಿಲ್ಲ. ಓದು ಬರಹ ಬಾರದವರ ಮರೆವನ್ನು ಸರಿಯಾಗಿ ಅಳೆಯುವ ದಾರಿ ಇದೆಯಾ? ಇಷ್ಟೊಂದು ಸಂಶೋಧನೆ ನಡೆಯುತ್ತಿದೆ ಅಂತಾರಲ್ಲ, ಅದರಲ್ಲಿ ನಮ್ಮ ಅವ್ವನಂಥವರು ಇದ್ದಾರಾ? ತಿಳಿದವರು ಹೇಳಿ.

ಕಾರಂಜಾ ದಂಡೆ, ಬೀದರ್

ತಂಗಿ, ನಾನು ಭಾಲ್ಕಿ ಕಡೆಯವಳು, ಕ್ಲಿನಿಕಲ್ ಸೈಕಾಲಜಿಸ್ಟ್. ಹಿರಿಯರ ನೆನಪಿನ ಪರೀಕ್ಷೆ ಮಾಡುವುದೇ ನನ್ನ ಕೆಲಸ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಪರೀಕ್ಷೆ ಮಾಡಿದ ರೀತಿ ತಪ್ಪು ಅಂದ ಮಾತ್ರಕ್ಕೆ ಅವ್ವನಿಗೆ ಏನೂ ಆಗಿಲ್ಲ ಅಂತ ಅಲ್ಲ. ಏನೋ ಆಗಿದೆ ಅಂತ ಹೇಳುತ್ತಿರುವುದು ನೀವು ಬರೆದಿರುವ ಮನೆಯ ಸಂಗತಿಗಳು. ಚೀಟಿಗಿಂತ ಅವುಗಳ ತೂಕ ಜಾಸ್ತಿ.

100ರಲ್ಲಿ 7 ಕಳೆಯುವ ಪ್ರಶ್ನೆ 1975ರಲ್ಲಿ ಅಮೆರಿಕದಲ್ಲಿ ತಯಾರಾದ ಎಂಎಂಎಸ್‌ಇ ಎಂಬ 30 ಅಂಕದ ಪರೀಕ್ಷೆಯದ್ದು. ಒಂದು ವಾಕ್ಯ ಬರೆಯಿರಿ, ಇದನ್ನು ಓದಿ ಹಾಗೇ ಮಾಡಿ, ಈ ಚಿತ್ರ ನೋಡಿ ಬರೆಯಿರಿ ಅಂತೆಲ್ಲ ಅದರಲ್ಲಿದೆ. ಶಾಲೆಗೆ ಹೋದವರಿಗೆ ಸರಿ. ಹೊಲದಲ್ಲೇ ಬೆಳೆದ ಹೆಣ್ಣುಮಗಳು ಎಷ್ಟೇ ಚುರುಕಾಗಿದ್ದರೂ ಅದರಲ್ಲಿ ಅಂಕ ಕಳೆದುಕೊಳ್ಳುತ್ತಾಳೆ.

ಇದನ್ನು ನಮ್ಮ ದೇಶದ ಸಂಶೋಧಕರು ಬಹಳ ಹಿಂದೆಯೇ ಕಂಡುಕೊಂಡರು. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ, ಅಮೆರಿಕ ಎರಡೂ ಕಡೆಯವರು ಸೇರಿ ಒಂದು ಅಧ್ಯಯನ ಮಾಡಿದರು. ಅಲ್ಲಿಯ ಹಿರಿಯರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಓದು ಬರಹ ಬೇಡದ ಹಾಗೆ ಪರೀಕ್ಷೆಯನ್ನೇ ಬದಲಿಸಿದರು. ಎಚ್‌ಎಂಎಸ್‌ಇ ಅನ್ನುವ ಹಿಂದಿ ಪರೀಕ್ಷೆ ಅಲ್ಲಿ ಹುಟ್ಟಿದ್ದು. ಜೊತೆಗೆ ಮನೆಯವರನ್ನು ಕೇಳುವ ಈಸಿ ಎಂಬ ಪ್ರಶ್ನಾವಳಿಯನ್ನೂ ಮಾಡಿದರು. ನನಗೆ ತುಂಬಾ ಇಷ್ಟವಾದದ್ದು ಇದೇ. ಊಟ ಮಾಡಿದ್ದನ್ನೇ ಮರೆಯುತ್ತಾರಾ? ತಮ್ಮದೇ ಊರಲ್ಲಿ ದಾರಿ ತಪ್ಪುತ್ತಾರಾ? ಒಬ್ಬರಿಗೆ ಹೇಳು ಅಂತ ಕೊಟ್ಟ ಮಾತನ್ನು ನೆನಪಿಟ್ಟು ಮುಟ್ಟಿಸುತ್ತಾರಾ? ದೊಡ್ಡ ಹಬ್ಬಗಳು ನೆನಪಿವೆಯಾ? ಮನೆಯ ಮದುವೆ ಮಾತುಕತೆಯಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರಾ? ಇಂಥ ಪ್ರಶ್ನೆಗಳು. ಮೊದಲ ಎರಡಕ್ಕೆ ನಾನು ಕೇಳುವ ಮೊದಲೇ ನೀವು ಉತ್ತರ ಬರೆದಿದ್ದೀರಿ ನೋಡಿ.

ನಮ್ಮ ಕಡೆಯವರನ್ನು ನಾನು ಕೇಳುವುದು ಹೀಗೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಏನೇನು ಮಾಡಬೇಕು ಅಂತ ಅವ್ವ ಸಾಲಾಗಿ ಹೇಳುತ್ತಾರಾ? ಭಜ್ಜಿಗೆ ಏನೇನು ಬೀಳುತ್ತದೆ? ಸೊಸೆ ತವರಿಗೆ ಹೋಗಿ ಎಷ್ಟು ದಿನ ಆಯಿತು? ನೂರು ರೂಪಾಯಿ ಕೊಟ್ಟು ಅರ್ಧ ಕಿಲೋ ಸಕ್ಕರೆ ತಂದರೆ ಚಿಲ್ಲರೆ ಎಷ್ಟು ಬರಬೇಕು? ನಿಮ್ಮ ಅವ್ವ ಗಂಜ್‌ನಲ್ಲಿ ಲೆಕ್ಕ ಹಾಕಿದವರು. ಐದು ವರ್ಷದ ಹಿಂದೆ ಸಲೀಸಾಗಿ ಹಾಕುತ್ತಿದ್ದ ಲೆಕ್ಕ ಈಗ ಕೈಕೊಡುತ್ತಿದ್ದರೆ ಅದೇ ದೊಡ್ಡ ಸುಳಿವು. ಅವರನ್ನು ಬೇರೆಯವರ ಜೊತೆ ಹೋಲಿಸಬಾರದು, ಹಿಂದಿನ ಅವರ ಜೊತೆಗೇ ಹೋಲಿಸಬೇಕು. ಪರೀಕ್ಷೆ ಮಾಡುವವರು ಅವರ ಮಾತಿನಲ್ಲೇ, ನಿಧಾನವಾಗಿ, ಕಿವಿಗೆ ಕೇಳುವ ಹಾಗೆ ಕೇಳಬೇಕು. ಭಾಷೆ ಮತ್ತು ಓದಿನ ಮಟ್ಟ ಗಮನದಲ್ಲಿಟ್ಟು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಯಾರಿಸಿದ ಪರೀಕ್ಷೆಗಳು ಐದು ಭಾಷೆಗಳಲ್ಲಿವೆ, ಕನ್ನಡವೂ ಅದರಲ್ಲಿದೆ. ದವಾಖಾನೆಗೆ ಹೋದಾಗ ‘ಅಕ್ಷರ ಬಾರದವರಿಗೆ ಇರುವ ಪರೀಕ್ಷೆ ಮಾಡಿ’ ಅಂತ ಧೈರ್ಯವಾಗಿ ಕೇಳಿ.

ಸಂಶೋಧನೆಯಲ್ಲಿ ನಿಮ್ಮ ಅವ್ವನಂಥವರು ಇದ್ದಾರಾ ಅಂದಿರಿ. ಇದ್ದಾರೆ, ಆದರೆ ಸಾಲದು. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ದೇಶಮಟ್ಟದ ಅಧ್ಯಯನದ ಪ್ರಕಾರ, ನಮ್ಮಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಹಾಗೇ ನೂರರಲ್ಲಿ ಉಳಿದ 92ಕ್ಕೂ ಹೆಚ್ಚು ಜನಕ್ಕೆ ಇಲ್ಲ ಅಂತಲೂ ಓದಿಕೊಳ್ಳಿ. ವಯಸ್ಸಾದರೆ ಇದು ಬಂದೇ ಬರುತ್ತದೆ ಅನ್ನುವ ನಿಮ್ಮ ವೈನಿಯವರ ಮಾತಿಗೆ ಉತ್ತರ ಅಲ್ಲೇ ಇದೆ.

ನಿಮ್ಮ ಅವ್ವ ಮೂರು ಭಾಷೆ ಆಡುತ್ತಾರೆ ಅಂದಾಗ ನನಗೆ ಹೈದರಾಬಾದ್‌ನ ನಿಮ್ಸ್ ಆಸ್ಪತ್ರೆಯ ಅಧ್ಯಯನ ನೆನಪಾಯಿತು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ್ದು. ಡಿಮೆನ್ಷಿಯಾ ಇದ್ದ 648 ಜನರ ದಾಖಲೆ ನೋಡಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಹಾಗಾಗಿ ಇದು ಬರೀ ಓದಿನಿಂದ ಬಂದ ಲಾಭ ಅಲ್ಲ ಅನ್ನುವುದು ಅವರ ವಾದ. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟ ಫಲ ಕಂಡಿಲ್ಲ, ಚರ್ಚೆ ನಡೆಯುತ್ತಲೇ ಇದೆ. ಕಾಯಿಲೆಯನ್ನು ತಡೆಯುತ್ತದೆ ಅಂತಲೂ ಅಲ್ಲ. ಆದರೂ ಕನ್ನಡ, ಉರ್ದು, ತೆಲುಗು, ಮರಾಠಿ ಬೆರೆತಿರುವ ನಮ್ಮ ಕಡೆಯ ಹಿರಿಯರಿಗೆ ಇಷ್ಟು ಹತ್ತಿರದ ಅಧ್ಯಯನ ನಾನು ಬೇರೆ ಓದಿಲ್ಲ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಐಐಎಸ್ಸಿ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ರಕ್ತ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಇದೆ. ಅಂಥದ್ದೊಂದು ನಮ್ಮ ಕಲ್ಯಾಣ ಕರ್ನಾಟಕದಲ್ಲೂ ಆಗಬೇಕು. ಇಲ್ಲಿಯ ಬಿಸಿಲು, ಇಲ್ಲಿಯ ದುಡಿಮೆ, ಇಲ್ಲಿಯ ಊಟ ಬೇರೆ. ಕೋಲಾರದ ಲೆಕ್ಕ ತಂದು ಜೇವರ್ಗಿಗೆ ಹಚ್ಚಲು ಆಗುವುದಿಲ್ಲ.

ನಿವೃತ್ತ ಸ್ಟಾಫ್ ನರ್ಸ್, ಚಿಂಚೋಳಿ

ಮೇಡಂ ಎಲ್ಲ ಚೆನ್ನಾಗಿ ಹೇಳಿದ್ದಾರೆ. ನಾನು ವಾರ್ಡಿನಲ್ಲಿ ಕಂಡದ್ದು ಹೇಳುತ್ತೇನೆ. ನೆನಪಿನ ಪರೀಕ್ಷೆ ಆಮೇಲೆ, ಮೊದಲು ರಕ್ತ ಪರೀಕ್ಷೆ ಮಾಡಿಸಮ್ಮ. ವಿಟಮಿನ್ ಬಿ12, ಥೈರಾಯಿಡ್, ಸೋಡಿಯಂ, ಸಕ್ಕರೆ, ಕಿಡ್ನಿ, ರಕ್ತಹೀನತೆ. ಇವು ಏರುಪೇರಾದರೂ ಹಿರಿಯರಿಗೆ ಮರೆವು, ಮಂಪರು ಬರುತ್ತದೆ. ಮದ್ದು ಕೊಟ್ಟರೆ ಎಷ್ಟೋ ಮಂದಿ ಸುಧಾರಿಸುತ್ತಾರೆ. ಅವ್ವ ಈಚೆಗೆ ಎಲ್ಲಾದರೂ ಬಿದ್ದಿದ್ದರಾ? ತಲೆಗೆ ಸಣ್ಣ ಪೆಟ್ಟು ಬಿದ್ದರೂ ವಾರಗಟ್ಟಲೆ ಒಳಗೇ ರಕ್ತ ಜಿನುಗಿ ಮೆದುಳನ್ನು ಒತ್ತುವುದುಂಟು. ಸಿಟಿ ಸ್ಕ್ಯಾನ್‌ನಲ್ಲಿ ಅದು ಗೊತ್ತಾಗುತ್ತದೆ.

ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ನಿದ್ದೆ ಗುಳಿಗೆ, ನೆಗಡಿ ತುರಿಕೆಗೆ ಮೆಡಿಕಲ್ ಅಂಗಡಿಯಿಂದ ತರುವ ಗುಳಿಗೆ, ಮೂತ್ರ ತಡೆಯಲು ಕೊಡುವ ಗುಳಿಗೆ, ಇವುಗಳಲ್ಲಿ ಕೆಲವು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಇನ್ನೊಂದು. ಮರೆವು ತಿಂಗಳುಗಟ್ಟಲೆ ನಿಧಾನವಾಗಿ ಬಂದರೆ ಒಂದು ಲೆಕ್ಕ. ಒಂದೆರಡು ದಿನದಲ್ಲಿ ಧುತ್ತಂತ ಬಂದು, ಬೆಳಿಗ್ಗೆ ಸರಿ, ಸಂಜೆ ಬಡಬಡಿಕೆ ಅಂತಾದರೆ ಅದು ಬೇರೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ನೀರು ಕಡಿಮೆಯಾಗಿ, ಇಲ್ಲವೇ ಮೂತ್ರದ ಸೋಂಕಿನಿಂದ ಹಾಗೆ ಆದವರನ್ನು ಬಹಳ ನೋಡಿದ್ದೇನೆ. ಅದು ತುರ್ತು, ಅವತ್ತೇ ದವಾಖಾನೆಗೆ ಕರೆತರಬೇಕು. ಮನೆಯವರು ‘ಗಾಳಿ ಸೋಕಿದೆ’ ಅಂತ ದಿನ ಕಳೆಯುತ್ತಾರೆ, ಅದು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ.

ಶಹಾಪುರದವ, ಯಾದಗಿರಿ ಜಿಲ್ಲೆ

ಅಕ್ಕಾರೆ, ನಮ್ಮ ಅಪ್ಪನಿಗೆ ಈ ಕಾಯಿಲೆ ಇತ್ತು. ಟಿವಿ ಜೋರಾಗಿ ಇಡುತ್ತಾರೆ, ಕರೆದರೆ ತಿರುಗುವುದಿಲ್ಲ ಅಂದಿರಲ್ಲ, ಅದನ್ನು ಬಿಡಬೇಡಿ. ಕಿವಿ ತೋರಿಸಿ. ಅಪ್ಪ ಕೇಳಿಸದೆ ಸುಮ್ಮನಿರುತ್ತಿದ್ದ. ಜನ ಮಾತಾಡಿಸುವುದು ಬಿಟ್ಟರು, ಅವನು ಕಟ್ಟೆಗೆ ಹೋಗುವುದು ಬಿಟ್ಟ. ಮಷೀನ್ ಹಾಕಿಸಿದ ಮೇಲೆ ಕಾಯಿಲೆ ಹೋಗಲಿಲ್ಲ, ಆದರೆ ಮೊಮ್ಮಕ್ಕಳ ಜೊತೆ ಮತ್ತೆ ಮಾತು ಶುರುವಾಯಿತು.

ಈ ಬಗ್ಗೆ ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯೇ ಆಗಿದೆ. ಅಚೀವ್ ಅಂತ ಹೆಸರು, 2023ರಲ್ಲಿ ಬಂತು. 70ರಿಂದ 84 ವಯಸ್ಸಿನ, ಕಿವಿ ಮಂದವಾದ 977 ಜನರನ್ನು ಮೂರು ವರ್ಷ ನೋಡಿದರು. ಎಲ್ಲರನ್ನೂ ಸೇರಿಸಿ ನೋಡಿದಾಗ ಮಷೀನ್ ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಜಾಸ್ತಿ ಇದ್ದ ಗುಂಪಿನಲ್ಲಿ ಮಷೀನ್ ಹಾಕಿದವರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ 48ರಷ್ಟು ಕಡಿಮೆ ಇತ್ತು. ಕಣ್ಣಿನ ಪೊರೆ ಇದ್ದರೆ ಅದನ್ನೂ ತೆಗೆಸಿ. 2024ರ ಲ್ಯಾನ್ಸೆಟ್ ಆಯೋಗದ ವರದಿ ನಾವು ಬದಲಿಸಬಹುದಾದ 14 ಕಾರಣಗಳನ್ನು ಹೇಳುತ್ತದೆ. ಕಿವಿ, ಕಣ್ಣು, ಬಿಪಿ, ಸಕ್ಕರೆ, ತಂಬಾಕು, ಒಂಟಿತನ ಎಲ್ಲ ಅದರಲ್ಲಿವೆ. ಇವೆಲ್ಲ ಇಲ್ಲದಿದ್ದರೆ ಜಗತ್ತಿನ ಶೇ 45ರಷ್ಟು ಡಿಮೆನ್ಷಿಯಾ ತಪ್ಪಬಹುದು ಅಥವಾ ಮುಂದೆ ಹೋಗಬಹುದು ಅಂತ ಅವರ ಅಂದಾಜು.

ಮನೆಯ ಕೆಲಸಗಳು: ಮನೆಯವರ ಫೋನ್ ನಂಬರ್ ಬರೆದ ಚೀಟಿ ಅವ್ವನ ಚೀಲದಲ್ಲಿ, ಇನ್ನೊಂದು ತಾಳಿ ಸರಕ್ಕೋ ಬಳೆಗೋ ಹಚ್ಚಿ. ಗ್ಯಾಸ್ ರೆಗ್ಯುಲೇಟರ್ ಕೆಳಗಿನಿಂದಲೇ ಬಂದ್ ಮಾಡಿ. ಆದರೆ ರೊಟ್ಟಿ ಬಡಿಯುವುದನ್ನು ಬಿಡಿಸಬೇಡಿ. ಅವರು ಬಡಿಯಲಿ, ಹಂಚು ನೀವು ನೋಡಿ. ಉಂಡಿಲ್ಲ ಅಂದರೆ ‘ಈಗ ತಾನೇ ಉಂಡೆಯಲ್ಲ’ ಅಂತ ವಾದ ಬೇಡ. ನಾಲ್ಕು ಶೇಂಗಾ, ಒಂದು ತುಂಡು ಬೆಲ್ಲ ಕೈಗಿಡಿ, ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬೇಡ. ನೀವೊಬ್ಬರೇ ಹೊರಬೇಡಿ ಅಕ್ಕಾರೆ. ಅಣ್ಣನವರಿಗೆ ರಾತ್ರಿ ಪಾಳಿ ಹಚ್ಚಿ. ನಮ್ಮ ಮನೆಯಲ್ಲಿ ಎಲ್ಲ ನನ್ನ ಹೆಂಡತಿಯ ಮೇಲೆ ಬಿದ್ದು, ಕೊನೆಗೆ ಅವಳು ಹಾಸಿಗೆ ಹಿಡಿದಳು.

ಗಂಜ್ ರಸ್ತೆ, ಕಲಬುರಗಿ

ಎಲ್ಲರಿಗೂ ಕೈಮುಗಿಯುತ್ತೇನೆ. ಅಪ್ಪ ಇಲ್ಲ ಅಂತ ಬರೆದಿದ್ದೆನಲ್ಲ ಅಣ್ಣಾರೆ, ಅವ್ವನಿಗೆ ತಾಳಿ ಇಲ್ಲ. ಕೊರಳಲ್ಲಿ ಲಿಂಗದ ಕರಡಿಗೆ ಇದೆ, ಅದರ ದಾರಕ್ಕೇ ಒಂದು ಸಣ್ಣ ಬಿಲ್ಲೆ ಹಚ್ಚಿದ್ದೇನೆ. ರಕ್ತ ಪರೀಕ್ಷೆ ಆಯಿತು, ಬಿ12 ತುಂಬಾ ಕಡಿಮೆ ಬಂದಿದೆ. ಇಂಜೆಕ್ಷನ್ ಶುರು ಮಾಡಿದ್ದಾರೆ. ಕಿವಿಯಲ್ಲಿ ಗಟ್ಟಿ ಗುಗ್ಗೆ ಇತ್ತು, ತೆಗೆಸಿದೆವು. ಒಂದು ಕಿವಿಗೆ ಮಷೀನ್ ಬೇಕಾಗಬಹುದು ಅಂದಿದ್ದಾರೆ. ನೆನಪಿನ ಪರೀಕ್ಷೆ ಎಲ್ಲಿ ಮಾಡಿಸಲಿ? ಅಣ್ಣ ಇನ್ನೂ ಅಮೆರಿಕದ ಇಂಜೆಕ್ಷನ್ ಬಿಟ್ಟಿಲ್ಲ. ಅದರ ಬಗ್ಗೆ ಸರಿಯಾಗಿ ಹೇಳಿ ಮೇಡಂ. ಅವ್ವನಿಗೆ ಬಂದರೆ ನಮಗೂ ಬರುತ್ತದಾ ಅನ್ನುವ ಭಯವೂ ಅವನಿಗಿದೆ. ಅವನಿಗೆ 48.

ಕಾರಂಜಾ ದಂಡೆ, ಬೀದರ್

ಬಿ12 ಸಿಕ್ಕಿದ್ದು ಒಳ್ಳೆಯದು. ಆದರೆ ಅದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಈಗಲೇ ಅಂದುಕೊಳ್ಳಬೇಡಿ. ಕೆಲವು ತಿಂಗಳು ನೋಡಿ, ಆಮೇಲೆ ಮತ್ತೆ ಅಳೆಯಬೇಕು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮ ಒಂದಿದೆ. ಜಿಲ್ಲಾ ಆಸ್ಪತ್ರೆಗಳಲ್ಲೇ ಇಂಥವರನ್ನು ನೋಡಬೇಕು ಅನ್ನುವುದು ಅದರ ಉದ್ದೇಶ. ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಹೋಗಿ ಯಾವ ದಿನ, ಯಾವ ಕೋಣೆ ಅಂತ ವಿಚಾರಿಸಿ. ಅವ್ವನನ್ನು ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಲಿ. ಮನಸ್ಸಿಗೆ ಭಾರ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567.

ಅಣ್ಣನವರಿಗೆ ಇದನ್ನು ಓದಿ ಹೇಳಿ. ಅವರು ಕೇಳಿರುವುದು ಬಹುಶಃ ಲೆಕಾನೆಮ್ಯಾಬ್. ಮೆದುಳಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುವ ಔಷಧಿ. ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ಣ ಅನುಮತಿ ಸಿಕ್ಕಿತು. 1,795 ಜನರ ಮೇಲೆ 18 ತಿಂಗಳು ಪರೀಕ್ಷೆ ನಡೆಯಿತು. ಕುಗ್ಗುವ ವೇಗ ಶೇ 27ರಷ್ಟು ಕಡಿಮೆಯಾಯಿತು ಅಂತ ಸುದ್ದಿಯಾಯಿತು. ಆದರೆ 18 ಅಂಕದ ಅಳತೆಯಲ್ಲಿ ಆ ವ್ಯತ್ಯಾಸ ಅರ್ಧ ಅಂಕಕ್ಕಿಂತಲೂ ಕಡಿಮೆ, 0.45. ಹೋದ ನೆನಪು ಮರಳಿ ಬರುವುದಿಲ್ಲ. ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲಿ ಒಂದಾದ, ಆರಂಭದ ಹಂತದ ಅಲ್ಝೈಮರ್ಸ್‌ಗೆ ಮಾತ್ರ, ಅದೂ ಪೆಟ್ ಸ್ಕ್ಯಾನ್, ಬೆನ್ನುಹುರಿ ನೀರಿನ ಪರೀಕ್ಷೆ ಮುಂತಾದವುಗಳಲ್ಲಿ ಅಮಿಲಾಯ್ಡ್ ಇದೆ ಅಂತ ಖಚಿತವಾದ ಮೇಲೆ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡಬೇಕು. ಮೆದುಳಲ್ಲಿ ಬಾವು, ರಕ್ತಸ್ರಾವ ಆಗುವ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. 2023ರಲ್ಲಿ ಅಮೆರಿಕದಲ್ಲಿ ಕಂಪನಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್.

ಸಂಶೋಧಕರಿಗೆ ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ನಿಮ್ಮ ಅವ್ವನಿಗೆ ಯಾವ ಕಾಯಿಲೆ ಅನ್ನುವುದೇ ಇನ್ನೂ ತಿಳಿದಿಲ್ಲ. ಹೊಲ ಮಾರಬೇಡಿ. ಆ ದುಡ್ಡಿನ ಚೂರು ಭಾಗ ಸಾಕು, ಕಿವಿಯ ಮಷೀನ್ ಬರುತ್ತದೆ, ಹಗಲು ಹೊತ್ತು ಜೊತೆಗಿರಲು ಒಬ್ಬ ಹೆಣ್ಣುಮಗಳು ಸಿಗುತ್ತಾಳೆ. ಅವ್ವನಿಗೆ ಅವೆರಡರಿಂದ ಆಗುವ ಉಪಕಾರ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ವಂಶದಲ್ಲಿ ಬರುತ್ತದಾ ಅಂದರೆ, 70ರ ಆಸುಪಾಸಿನಲ್ಲಿ ಶುರುವಾಗುವುದು ಹೆಚ್ಚಾಗಿ ತಾಯಿಯಿಂದ ಮಗನಿಗೆ ನೇರವಾಗಿ ಇಳಿಯುವ ಕಾಯಿಲೆಯಲ್ಲ. ಅಪಾಯ ಸ್ವಲ್ಪ ಏರುತ್ತದೆ, ಅಷ್ಟೆ. ಅಣ್ಣನವರ ವಯಸ್ಸಿನಲ್ಲಿ ಕೈಯಲ್ಲಿರುವ ದೊಡ್ಡ ವಿಷಯ ಬಿಪಿ. ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನ 2019ರಲ್ಲಿ ಬಂತು. 50 ದಾಟಿದ, ಬಿಪಿ ಇದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಮೇಲಿನ ಅಂಕಿಯನ್ನು 140ರ ಬದಲು 120ರ ಕೆಳಗೆ ಇಡಲು ಚಿಕಿತ್ಸೆ ಕೊಟ್ಟವರಲ್ಲಿ, ಡಿಮೆನ್ಷಿಯಾಕ್ಕೂ ಮುಂಚಿನ ಸಣ್ಣ ಮರೆವಿನ ಹಂತ ಶೇ 19ರಷ್ಟು ಕಡಿಮೆಯಾಯಿತು. ಡಿಮೆನ್ಷಿಯಾ ಕೂಡ ಕಡಿಮೆ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟು ಅಲ್ಲ. ಅವರವರಿಗೆ ಎಷ್ಟು ಇಳಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಅಣ್ಣನವರು ಬಿಪಿ ನೋಡಿಸಿಕೊಂಡು ಎಷ್ಟು ದಿನ ಆಯಿತು? ತಂಬಾಕು, ಗುಟಖಾ ಅಭ್ಯಾಸ ಇದೆಯಾ? ಅವ್ವನನ್ನು ಜಿಮ್ಸ್‌ಗೆ ಕರೆದೊಯ್ಯುವ ದಿನವೇ ಅವರ ಬಿಪಿ, ಸಕ್ಕರೆ ಎರಡನ್ನೂ ನೋಡಿಸಿ ಇಲ್ಲಿ ಬರೆಯಿರಿ.